ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನ ಡ್ಯಾನ್ಸ್, ಫಿಟ್‌ನೆಸ್, ವರ್ಕ್ ಎಕ್ಸ್‌ಪೀರಿಯೆನ್ಸ್ ಕೋರ್ಸು: ಎಡವದೆ ಮುಗಿಸುವುದು ಹೇಗೆ?

ಸೆಮಿಸ್ಟರ್ ಶುರುವಾಗಿ ಎರಡು ಮೂರು ವಾರ ಆಗುವಷ್ಟರಲ್ಲಿ ನನಗೆ ಫೋನುಗಳು ಬರತೊಡಗುತ್ತವೆ. "ಅಕ್ಕಾ, ಡ್ಯಾನ್ಸ್ ಕ್ಲಾಸಿಂದ ನನ್ನ ಹೆಸರು ತೆಗೆದುಬಿಟ್ಟಿದ್ದಾರೆ." "ಯೋಗ ಕ್ಲಾಸಿಗೆ ಇನ್ನು ಸೇರೋಕೆ ಆಗಲ್ಲ ಅಂತಿದೆ, ಯಾಕೆ?" "ವರ್ಕ್ ಎಕ್ಸ್‌ಪೀರಿಯೆನ್ಸ್ ತಗೊಂಡೆ, ಕಾಲೇಜಿನವರು ಕೆಲಸ ಯಾವಾಗ ಕೊಡ್ತಾರೆ?" ಕೇಳುವವರು ಬದಲಾಗುತ್ತಾರೆ. ತಪ್ಪುಗಳು ಮಾತ್ರ ಅವೇ.

ಕಾರಣ ಇಷ್ಟೆ. ಗಣಿತ, ಕಂಪ್ಯೂಟರ್ ಕೋರ್ಸಿಗೆ ಹತ್ತು ಜನರನ್ನು ವಿಚಾರಿಸಿ ಸೇರುವವರು, ಇವಕ್ಕೆ "ಸುಮ್ನೆ ಒಂದು ಯೂನಿಟ್ ಅಲ್ವಾ" ಅಂತ ಹೋಗಿ ಸೇರಿಬಿಡುತ್ತಾರೆ. ಯೂನಿಟ್ ಅಂದರೆ ಕೋರ್ಸಿನ ತೂಕ ಅಳೆಯುವ ಲೆಕ್ಕ. ಆದರೆ ಈ ಒಂದು ಯೂನಿಟ್‌ಗೇ ಇರುವ ನಿಯಮಗಳು ಉಳಿದ ಕೋರ್ಸುಗಳಿಗಿಂತ ಜಾಸ್ತಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ದುಡ್ಡು ಹೋಗಬಹುದು. ಕೆಲವರಿಗೆ ವೀಸಾಕ್ಕೇ ಕುತ್ತು ಬರುತ್ತದೆ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ: ವೀಸಾ ಕಾಗದಗಳು, ಕಾಲೇಜಿನ ಈ ವರ್ಷದ ಕ್ಯಾಟಲಾಗು (ಕಳೆದ ವರ್ಷದ್ದಲ್ಲ), ಆ ಟರ್ಮಿನ ದಿನಾಂಕಗಳ ಪಟ್ಟಿ, ಕಾಲೇಜು ಕೊಟ್ಟ ಇಮೇಲಿನ ಪಾಸ್‌ವರ್ಡು. ಕೊನೆಯದನ್ನು ಮರೆತವರೇ ಹೆಚ್ಚು. ವೇಯ್ಟ್‌ಲಿಸ್ಟಿನಲ್ಲಿ ಸೀಟು ಸಿಕ್ಕಿತು ಎಂಬ ಸುದ್ದಿ ಸಾಮಾನ್ಯವಾಗಿ ಆ ಇಮೇಲಿಗೇ ಬರುತ್ತದೆ, ನಿಮ್ಮ ಜಿಮೇಲಿಗಲ್ಲ.

## ಹಂತ 1: ನಿಮ್ಮ ವೀಸಾ ಯಾವುದು ನೋಡಿ

ಇದು ಕೋರ್ಸು ಆರಿಸುವುದಕ್ಕಿಂತ ಮೊದಲಿನ ಕೆಲಸ.

ಎಚ್-4, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳು: ಓದಬಹುದು, ಒಂದು ಯೂನಿಟ್ ಆದರೂ ಸರಿ, ಹದಿನೈದಾದರೂ ಸರಿ. ಡ್ಯಾನ್ಸ್, ಫಿಟ್‌ನೆಸ್‌ಗೆ ಯಾವ ತೊಂದರೆಯೂ ಇಲ್ಲ. ವರ್ಕ್ ಎಕ್ಸ್‌ಪೀರಿಯೆನ್ಸ್, ಅಂದರೆ ಕೆಲಸ ಮಾಡಿ ಯೂನಿಟ್ ಪಡೆಯುವ ಕೋರ್ಸು, ಬೇರೆ ಮಾತು. ಕೈಯಲ್ಲಿ ಇಎಡಿ ಕಾರ್ಡ್ (ಕೆಲಸ ಮಾಡುವ ಅನುಮತಿ) ಇಲ್ಲದಿದ್ದರೆ ಕೆಲಸ ಮಾಡುವಂತಿಲ್ಲ. 2015ರಿಂದ ಈ ಕಾರ್ಡ್ ಎಚ್-4ರ ಕೆಲವು ಗಂಡ ಅಥವಾ ಹೆಂಡತಿಯರಿಗೆ ಸಿಗುತ್ತಿದೆ. ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರುವುದು ಅದಕ್ಕೆ ಸಾಮಾನ್ಯ ದಾರಿ. ಎಚ್-4ರಲ್ಲಿರುವ ಮಕ್ಕಳಿಗೆ ಇದು ಸಿಗುವುದಿಲ್ಲ.

"ಸಂಬಳ ಇಲ್ಲದೆ ಮಾಡಿದರೆ ಪರವಾಗಿಲ್ಲ ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಹಾಗಿಲ್ಲ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಬಿಟ್ಟಿ ಮಾಡಿದರೂ ಅದು ಕೆಲಸ ಎಂದೇ ಎಣಿಕೆಯಾಗಬಹುದು. ಫುಡ್ ಬ್ಯಾಂಕಿನಲ್ಲಿ ಎಲ್ಲರ ಜೊತೆ ತರಕಾರಿ ಬೇರ್ಪಡಿಸುವ ಸ್ವಯಂಸೇವೆ ಒಂದು ಥರ, ಸ್ನೇಹಿತರ ಸ್ಟಾರ್ಟಪ್ಪಿನಲ್ಲಿ ಕೋಡ್ ಬರೆದುಕೊಡುವುದು ಇನ್ನೊಂದು ಥರ. ಎರಡನೆಯದಕ್ಕೆ ಕೈ ಹಾಕುವ ಮೊದಲು ವಲಸೆ ವಕೀಲರನ್ನು ಕೇಳಿ. ಕಾಲೇಜಿನ ಕೌನ್ಸೆಲರ್ "ಪರವಾಗಿಲ್ಲ" ಅಂದರೆ ಸಾಲದು, ಅದು ಅವರ ಕ್ಷೇತ್ರವಲ್ಲ.

ಎಫ್-1, ಅಂದರೆ ವಿದ್ಯಾರ್ಥಿ ವೀಸಾ: ನೀವು ಟರ್ಮಿಗೆ ಕನಿಷ್ಠ 12 ಯೂನಿಟ್ ಹಿಡಿದಿರಬೇಕು. ಇಲ್ಲೇ ಒಂದು ಯೂನಿಟ್ಟಿನ ಡ್ಯಾನ್ಸ್ ಕ್ಲಾಸು ಕಾಲಿಗೆ ತೊಡರುವುದು. 11 ಯೂನಿಟ್‌ಗೆ ಓದಿನ ಕೋರ್ಸು, ಮೇಲೊಂದು ಝುಂಬಾ. ನಡುವೆ ಬೇಜಾರಾಗಿ ಝುಂಬಾ ಬಿಟ್ಟರೆ 11 ಆಯಿತು. ಡಿಎಸ್‌ಓ (ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಅನುಮತಿ ಇಲ್ಲದೆ 12ಕ್ಕಿಂತ ಕೆಳಗಿಳಿದರೆ ನಿಮ್ಮ ಸ್ಟೇಟಸ್ಸೇ ಹೋಗುತ್ತದೆ. ಆದ್ದರಿಂದ ಎಫ್-1ನವರು ಈ ಕೋರ್ಸನ್ನು 12ರ ಮೇಲೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, 12 ತುಂಬಿಸುವುದಕ್ಕಲ್ಲ.

ಬಿ-2, ಅಂದರೆ ಊರಿಂದ ಬಂದ ಅಪ್ಪ ಅಮ್ಮ: ಕ್ರೆಡಿಟ್ ಕೋರ್ಸಿಗೆ, ಅಂದರೆ ಯೂನಿಟ್ ಸಿಗುವ ಕೋರ್ಸಿಗೆ, ಸೇರಿಸಬೇಡಿ. ಅವರಿಗೆ ಡಿಗ್ರಿಗೆ ಸೇರದ, ಕೆಲವು ದಿನಗಳ ಮನರಂಜನೆಯ ತರಗತಿ ಮಾತ್ರ ಸರಿ. ನೀವಿರುವ ಊರಿನ ಪಾರ್ಕ್ಸ್ ಇಲಾಖೆಯ ಯೋಗ ತರಗತಿ ಅವರಿಗೆ ಹೇಗೂ ಹೆಚ್ಚು ಖುಷಿ ಕೊಡುತ್ತದೆ.

ಹೈಸ್ಕೂಲ್ ಮಕ್ಕಳು: ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ, ಅಂದರೆ ಹೈಸ್ಕೂಲಿನ ಜೊತೆಗೇ, ಕಾಲೇಜಿಗೆ ಸೇರಬಹುದು. ಆದರೆ ದೈಹಿಕ ಶಿಕ್ಷಣದ ತರಗತಿಯಲ್ಲಿ ಇಂಥ ಮಕ್ಕಳು ಶೇ. 10ಕ್ಕಿಂತ ಹೆಚ್ಚಿದ್ದರೆ, ಆ ಹೆಚ್ಚಿನವರಿಗೆ ಕಾಲೇಜಿಗೆ ರಾಜ್ಯದಿಂದ ಹಣ ಬರುವುದಿಲ್ಲ. ಹಾಗಾಗಿ ಎಷ್ಟೋ ಕಾಲೇಜುಗಳು ಇವರಿಗೆ ಆ ತರಗತಿಗಳನ್ನು ಕೊಡುವುದೇ ಇಲ್ಲ. ಡ್ಯಾನ್ಸ್ ಬೇರೆ ವಿಭಾಗದಲ್ಲಿದ್ದರೆ ಸಿಗಬಹುದು. ಮೊದಲೇ ಕೇಳಿ.

## ಹಂತ 2: ಫೀಸಿನ ಲೆಕ್ಕ ಸರಿಮಾಡಿಕೊಳ್ಳಿ

ಕ್ಯಾಲಿಫೋರ್ನಿಯಾ ನಿವಾಸಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. 2012ರಿಂದ ಇದೇ ದರ. ಡಿ ಆಂಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ (ಸೆಮಿಸ್ಟರಿಗಿಂತ ಚಿಕ್ಕ ಟರ್ಮ್) ಕಾಲೇಜಿನಲ್ಲಿ ಯೂನಿಟ್‌ಗೆ 31. ಆರೋಗ್ಯ ಶುಲ್ಕ, ವಿದ್ಯಾರ್ಥಿ ಶುಲ್ಕ, ಪಾರ್ಕಿಂಗ್ ಬೇರೆ. ನಿವಾಸಿ ಅಲ್ಲದಿದ್ದರೆ ಸಾಮಾನ್ಯವಾಗಿ ಸೆಮಿಸ್ಟರ್ ಯೂನಿಟ್‌ಗೆ ಇನ್ನೂ 300 ಡಾಲರಿಗಿಂತ ಮೇಲೆ ಸೇರುತ್ತದೆ. ಒಂದು ಯೂನಿಟ್ ಬ್ಯಾಲೆಗೆ ಅಷ್ಟು ಕೊಡುವುದಕ್ಕಿಂತ ಬೀದಿ ಕೊನೆಯ ಸ್ಟುಡಿಯೋಗೆ ಹೋಗುವುದು ವಾಸಿ.

ನಿವಾಸಿ ಎನಿಸಿಕೊಳ್ಳಲು ಟರ್ಮ್ ಶುರುವಾಗುವ ಹೊತ್ತಿಗೆ ಇಲ್ಲಿಗೆ ಬಂದು ಒಂದು ವರ್ಷ, ಒಂದು ದಿನ ಆಗಿರಬೇಕು. ಜೊತೆಗೆ ಇಲ್ಲೇ ನೆಲೆಸುವ ಉದ್ದೇಶಕ್ಕೆ ಸಾಕ್ಷಿ ಬೇಕು: ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ಕಾಗದ, ಮನೆ ಬಾಡಿಗೆ ಕರಾರು. ಎಚ್-4ನವರು ಹೀಗೆ ನಿವಾಸಿ ದರ ಪಡೆಯಬಹುದು. ಎಫ್-1ನವರಿಗೆ ಇಲ್ಲ. ಬಾಡಿಗೆ ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇದ್ದರೆ ನಿಮ್ಮ ಹೆಸರನ್ನೂ ಈಗಲೇ ಸೇರಿಸಿ. ಹೆಣ್ಣುಮಕ್ಕಳ ಅರ್ಜಿ ಈ ಸಣ್ಣ ವಿಷಯಕ್ಕೆ ನಿಂತುಹೋಗಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

## ಹಂತ 3: ನಾಲ್ಕರ ಲೆಕ್ಕ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

2013ರಿಂದ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದು ನಿಯಮವಿದೆ. ಒಂದೇ ಬಗೆಯ ಡ್ಯಾನ್ಸ್ ಅಥವಾ ವ್ಯಾಯಾಮದ ಕೋರ್ಸುಗಳನ್ನು ಒಂದು "ಫ್ಯಾಮಿಲಿ" ಎಂದು ಗುಂಪು ಮಾಡಿರುತ್ತಾರೆ. ಒಂದು ಫ್ಯಾಮಿಲಿಯಲ್ಲಿ ನಿಮಗೆ ಒಟ್ಟು ನಾಲ್ಕೇ ಸಲ ಸೇರುವ ಅವಕಾಶ. ಬ್ಯಾಲೆ 1, 2, 3, 4 ಒಂದು ಫ್ಯಾಮಿಲಿ ಅಂದುಕೊಳ್ಳಿ. ನಾಲ್ಕೂ ಮುಗಿದರೆ ಆ ಕಾಲೇಜಿನಲ್ಲಿ ಬ್ಯಾಲೆ ಮುಗಿಯಿತು. ಪಾಸಾದ ಬ್ಯಾಲೆ 1ನ್ನು ಇಷ್ಟವಾಯಿತೆಂದು ಇನ್ನೊಮ್ಮೆ ಮಾಡುವಂತೆಯೂ ಇಲ್ಲ.

ಜನ ಬೀಳುವುದು ಮುಂದಿನ ಮಾತಿನಲ್ಲಿ. ಫೇಲಾದದ್ದೂ ಎಣಿಕೆಗೆ ಬರುತ್ತದೆ, ನಡುವೆ ಬಿಟ್ಟು ಡಬ್ಲ್ಯೂ (ಕೋರ್ಸು ಬಿಟ್ಟರು ಎಂಬ ಗುರುತು) ಬಂದದ್ದೂ ಬರುತ್ತದೆ. ನನ್ನದೇ ಕಥೆ ಹೇಳುತ್ತೇನೆ. ಯೋಗ 1ಕ್ಕೆ ಸೇರಿದೆ. ಹತ್ತನೇ ವಾರ ತಂಗಿಯ ಮದುವೆಗೆ ಊರಿಗೆ ಹೊರಟೆ, ಕ್ಲಾಸು ಬಿಟ್ಟೆ, ಡಬ್ಲ್ಯೂ ಬಂತು. ವಾಪಸ್ ಬಂದು ಯೋಗ 1 ಮತ್ತೆ ಮಾಡಿದೆ. ಆಮೇಲೆ 2, ಆಮೇಲೆ 3. ಯೋಗ 4ಕ್ಕೆ ಹೆಸರು ಹಚ್ಚಲು ಹೋದರೆ ಕಂಪ್ಯೂಟರ್ ಬಿಡಲಿಲ್ಲ. ಮದುವೆ ಊಟ ನನಗೆ ಯೋಗ 4ರ ಬೆಲೆಗೆ ಬಿತ್ತು.

ಈಗ ಮಾಡಬೇಕಾದದ್ದು:

1. ಕ್ಯಾಟಲಾಗಿನಲ್ಲಿ ಫ್ಯಾಮಿಲಿಗಳ ಪಟ್ಟಿ ಹುಡುಕಿ. ಸಾಮಾನ್ಯವಾಗಿ ಕೋರ್ಸ್ ಪುನರಾವರ್ತನೆಯ ನಿಯಮಗಳ ಕೆಳಗೆ ಇರುತ್ತದೆ.
2. ನಿಮ್ಮ ಹಳೆಯ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ) ತೆಗೆದು, ಆ ಫ್ಯಾಮಿಲಿಯಲ್ಲಿ ಎಷ್ಟು ಸಲ ಆಗಿದೆ ಎಣಿಸಿ. ಡಬ್ಲ್ಯೂಗಳನ್ನೂ ಸೇರಿಸಿ.
3. ಉಳಿದದ್ದನ್ನು ಯಾವಾಗ ಬಳಸುತ್ತೀರಿ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಊರಿಗೆ ಹೋಗುವ ಟರ್ಮಿನಲ್ಲಿ ಹಿಡಿಯಬೇಡಿ.

ಹೆಸರು ಬೇರೆ ಇದ್ದರೂ ಫ್ಯಾಮಿಲಿ ಒಂದೇ ಇರಬಹುದು. ನಾಲ್ಕೂ ಮುಗಿದವರಿಗೆ ದಾರಿ ಇಲ್ಲವೇ ಅಂದರೆ, ಇದೆ. ನಾನ್‌ಕ್ರೆಡಿಟ್ ತರಗತಿಗಳಿಗೆ ಈ ಮಿತಿ ಇಲ್ಲ. ಯೂನಿಟ್ ಬೇಡ, ಮೈ ಹಗುರಾದರೆ ಸಾಕು ಅನ್ನುವವರು ಮೊದಲಿಂದಲೇ ಅಲ್ಲಿಗೆ ಹೋಗಿ.

## ಹಂತ 4: ಈ ಯೂನಿಟ್ ನಿಮಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಮುಂದೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆ ಇದ್ದರೆ, ದೈಹಿಕ ಚಟುವಟಿಕೆಯ ಕೋರ್ಸುಗಳಿಂದ ಅವರು ಒಪ್ಪುವುದು ಒಟ್ಟು 4 ಸೆಮಿಸ್ಟರ್ ಯೂನಿಟ್ ಮಾತ್ರ, ಕ್ವಾರ್ಟರ್ ಲೆಕ್ಕದಲ್ಲಿ 6. ವರ್ಕ್ ಎಕ್ಸ್‌ಪೀರಿಯೆನ್ಸ್ ಯೂನಿಟ್‌ಗಳನ್ನು ಯುಸಿಗೆ ವರ್ಗಾಯಿಸುವ ಲೆಕ್ಕ ಹಾಕಿಕೊಳ್ಳಲೇಬೇಡಿ.

ಇನ್ನೊಂದು ಹಳೆಯ ಸಲಹೆ ಈಗಲೂ ಓಡಾಡುತ್ತಿದೆ: "ಫಿಟ್‌ನೆಸ್ ತಗೋ, ಜನರಲ್ ಎಜುಕೇಶನ್ನಿನ ಏರಿಯಾ ಇ ತುಂಬುತ್ತೆ." ಮುಂಚೆ ಸಿಎಸ್‌ಯುಗೆ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಹೋಗುವವರಿಗೆ ಇದು ಎಷ್ಟೋ ಕಡೆ ಸರಿಯಾಗಿತ್ತು. 2025ರ ಫಾಲ್‌ನಿಂದ ಜನರಲ್ ಎಜುಕೇಶನ್‌ಗೆ, ಅಂದರೆ ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳಿಗೆ, ಕ್ಯಾಲ್-ಗೆಟ್ಸಿ ಎಂಬ ಹೊಸ ಮಾದರಿ ಬಂದಿದೆ, ಅದರಲ್ಲಿ ಆ ಏರಿಯಾವೇ ಇಲ್ಲ. ಅಣ್ಣ ಮಾಡಿದ್ದನ್ನೇ ತಮ್ಮನಿಗೆ ಹೇಳಬೇಡಿ. ಯಾವ ಕೋರ್ಸು ಎಲ್ಲಿ ಒಪ್ಪುತ್ತಾರೆ ಎಂದು ತೋರಿಸುವ ಅಸಿಸ್ಟ್ ಡಾಟ್ ಆರ್ಗ್ ತೆರೆದು, ನಿಮ್ಮ ಕಾಲೇಜು ಆರಿಸಿ, ಕೋರ್ಸಿನ ಪಕ್ಕ ಏನು ಮಿತಿ ಬರೆದಿದೆ ನೋಡಿ. ಐದು ನಿಮಿಷದ ಕೆಲಸ.

ಡಿಗ್ರಿ, ವರ್ಗಾವಣೆ ಯಾವುದೂ ಬೇಡದವರು ಮುಂದಿನ ಹಂತಕ್ಕೆ ಹೋಗಿ.

## ಹಂತ 5: ಸೇರುವುದು, ಸೇರಿದ ಮೇಲೆ ಉಳಿಯುವುದು

ಮೊದಲು ಗಂಟೆ ನೋಡಿ. ಇಂಥ ಚಟುವಟಿಕೆಯ ತರಗತಿಯಲ್ಲಿ ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ಅಲ್ಲ. ಸೆಮಿಸ್ಟರ್ ಪೂರ್ತಿ ವಾರಕ್ಕೆ ಸುಮಾರು ಮೂರು ಗಂಟೆ, ಒಟ್ಟು 48ರಿಂದ 54 ಗಂಟೆ. ಎಂಟು ವಾರದ ಕೋರ್ಸಾದರೆ ವಾರಕ್ಕೆ ಆರು ಗಂಟೆ ಅಥವಾ ಅದಕ್ಕೂ ಮೇಲೆ. ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಿಗೆ ಇದು ಅಡ್ಡ ಬರುತ್ತದೆಯೇ ಈಗಲೇ ನೋಡಿ.

ತರಗತಿ ತುಂಬಿದ್ದರೆ ವೇಯ್ಟ್‌ಲಿಸ್ಟಿಗೆ ಹೆಸರು ಕೊಡಿ. ಮೊದಲ ದಿನ ಹೋಗಲೇಬೇಕು. ಡ್ಯಾನ್ಸ್, ಯೋಗಕ್ಕೆ ಬೇಡಿಕೆ ಜಾಸ್ತಿ. ಮೊದಲ ದಿನ ಬಾರದವರ ಹೆಸರು ತೆಗೆದು ವೇಯ್ಟ್‌ಲಿಸ್ಟಿನಲ್ಲಿ ಕಾಯುತ್ತಿರುವವರಿಗೆ ಕೊಡುವುದು ಇಲ್ಲಿ ಮಾಮೂಲು. "ಹೇಗೂ ಮೊದಲ ದಿನ ಸಿಲಬಸ್ ಓದ್ತಾರೆ ಅಷ್ಟೆ" ಅಂತ ಮನೆಯಲ್ಲಿ ಕೂತವರೇ ಮೂರನೇ ವಾರ ನನಗೆ ಫೋನು ಮಾಡುವುದು. ಬರಲಾಗದ ಪರಿಸ್ಥಿತಿ ಇದ್ದರೆ ಹಿಂದಿನ ದಿನವೇ ಶಿಕ್ಷಕರಿಗೆ ಇಮೇಲ್ ಮಾಡಿ. ವೇಯ್ಟ್‌ಲಿಸ್ಟಿನಲ್ಲಿದ್ದರೂ ಹೋಗಿ ನಿಲ್ಲಿ. ಶಿಕ್ಷಕರು ಕೊಡುವ ಆ್ಯಡ್ ಕೋಡ್ (ತರಗತಿಗೆ ಸೇರಲು ಬೇಕಾದ ಸಂಕೇತ) ಅನ್ನು ಅದೇ ದಿನ ಬಳಸಿ. ಅದಕ್ಕೂ ಕೊನೆಯ ದಿನ ಇರುತ್ತದೆ.

ಆಮೇಲೆ ಕ್ಯಾಲೆಂಡರ್ ತೆಗೆದು ಮೂರು ದಿನಾಂಕ ಗುರುತು ಮಾಡಿ.

- ಹಣ ವಾಪಸ್ ಸಿಗುವ ಕೊನೆಯ ದಿನ. ಎಲ್ಲಕ್ಕಿಂತ ಮೊದಲು ಬರುವುದು ಸಾಮಾನ್ಯವಾಗಿ ಇದೇ.
- ಡಬ್ಲ್ಯೂ ಇಲ್ಲದೆ ಬಿಡುವ ಕೊನೆಯ ದಿನ. ಟರ್ಮಿನ ಶೇ. 20ರ ಆಸುಪಾಸು. ಅದರೊಳಗೆ ಬಿಟ್ಟರೆ ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ.
- ಡಬ್ಲ್ಯೂ ಜೊತೆಗೆ ಬಿಡುವ ಕೊನೆಯ ದಿನ. ಹೆಚ್ಚೆಂದರೆ ಶೇ. 75ರವರೆಗೆ. ಅದು ದಾಟಿದರೆ ಗ್ರೇಡೇ ಬರುತ್ತದೆ, ಹೋಗದಿದ್ದರೆ ಎಫ್.

ತಡವಾಗಿ ಶುರುವಾಗುವ ಎಂಟು ವಾರದ ಕೋರ್ಸಿಗೆ ಈ ದಿನಾಂಕಗಳು ಬೇರೆ. ಶೇ. 20 ಅನ್ನುವುದು ಹತ್ತು ಹನ್ನೊಂದು ದಿನದಲ್ಲೇ ಮುಗಿದುಹೋಗುತ್ತದೆ. ಕಾಲೇಜಿನ ಸಾಮಾನ್ಯ ಪಟ್ಟಿ ನೋಡಿ ಮೋಸ ಹೋಗಬೇಡಿ. ನಿಮ್ಮ ಕೋರ್ಸಿನ ಸೆಕ್ಷನ್ ಸಂಖ್ಯೆ ಒತ್ತಿ ನೋಡಿ.

ತರಗತಿಗೆ ಹೋಗದಿದ್ದರೆ ತಾನಾಗೇ ಡ್ರಾಪ್ ಆಗುತ್ತದೆ ಅಂತ ನಂಬಬೇಡಿ. ಬಿಡುವುದು ನಿಮ್ಮ ಕೆಲಸ. ಕಾಯಿಲೆ, ಅಪಘಾತ, ಕೆಲಸದ ವರ್ಗಾವಣೆಯಂಥ ಕೈಮೀರಿದ ಕಾರಣಕ್ಕೆ ಬಿಡಬೇಕಾದರೆ ಡಬ್ಲ್ಯೂ ಬದಲು ಇಡಬ್ಲ್ಯೂ, ಅಂದರೆ ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾಯಲ್‌ಗೆ ಅರ್ಜಿ ಹಾಕಿ. ನನಗೆ ಆಗ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ತಂಗಿಯ ಮದುವೆಯನ್ನು ಕೈಮೀರಿದ ಕಾರಣ ಅನ್ನುತ್ತಿದ್ದರೋ ಇಲ್ಲವೋ!

## ಹಂತ 6: ಡ್ಯಾನ್ಸ್ ತರಗತಿಯೊಳಗೆ

ಬೇಕಾದದ್ದು ಕಡಿಮೆ. ಮೈಗೆ ಅಂಟುವ ಬಟ್ಟೆ, ಏಕೆಂದರೆ ಶಿಕ್ಷಕರಿಗೆ ಮಂಡಿ, ಬೆನ್ನಿನ ಗೆರೆ ಕಾಣಬೇಕು. ದೊಗಳೆ ಕುರ್ತಾ, ಸಲ್ವಾರ್ ಬೇಡ. ಬ್ಯಾಲೆಗೆ ಮೆತ್ತನೆಯ ಬ್ಯಾಲೆ ಸ್ಲಿಪ್ಪರ್, ಜಾಝ್‌ಗೆ ಜಾಝ್ ಶೂ, ಮಾಡರ್ನ್‌ಗೆ ಹೆಚ್ಚಾಗಿ ಬರಿಗಾಲು. ಬರಿ ಸಾಕ್ಸ್ ಹಾಕಿ ಕುಣಿಯಬೇಡಿ, ಜಾರುತ್ತದೆ. ಸಿಲಬಸ್ ಕೈಗೆ ಬರುವವರೆಗೆ ಏನನ್ನೂ ಕೊಳ್ಳಬೇಡಿ. ಬಳೆ, ಉದ್ದನೆಯ ಸರ ಮನೆಯಲ್ಲಿರಲಿ.

ಭರತನಾಟ್ಯ ಕಲಿತವರಿಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು, ನಮ್ಮಲ್ಲಿ ಬಹಳ ಜನ ಹಾಗೆ ಬರುವವರೇ. ಅರಮಂಡಿ ಕೂತು ಅಭ್ಯಾಸವಾದವರಿಗೆ ಬ್ಯಾಲೆಯ ಪ್ಲಿಯೇ (ಮಂಡಿ ಬಗ್ಗಿಸುವುದು) ಸುಲಭ ಅನ್ನಿಸುತ್ತದೆ. ಎರಡರಲ್ಲೂ ಮಂಡಿ ಹೊರಗೆ ತೆರೆಯುತ್ತದೆ ನಿಜ. ಆದರೆ ತಟ್ಟಡವು ಮಾಡಿದ ಕಾಲು ನೆಲಕ್ಕೆ ಇಡೀ ಪಾದ ಅಪ್ಪಳಿಸಲು ನೋಡುತ್ತದೆ. ಬ್ಯಾಲೆಯಲ್ಲಿ ಹಾರಿ ಇಳಿಯುವಾಗ ಬೆರಳು, ಆಮೇಲೆ ಪಾದದ ಮುಂಭಾಗ, ಕೊನೆಗೆ ಹಿಮ್ಮಡಿ. ಸದ್ದು ಆಗಬಾರದು. ನಿಮ್ಮ ಇಳಿತದ ಸದ್ದು ಪಿಯಾನೋಗಿಂತ ಜೋರಾಗಿ ಕೇಳುತ್ತಿದ್ದರೆ ಹಳೆಯ ಅಭ್ಯಾಸ ಬಿಟ್ಟಿಲ್ಲ ಅಂತ ಅರ್ಥ. ಇನ್ನೊಂದು ತಪ್ಪು, ಪಾದವನ್ನು ಒತ್ತಿ ಹೊರಗೆ ತಿರುಗಿಸುವುದು. ತಿರುವು ಸೊಂಟದ ಕೀಲಿನಿಂದ ಬರಬೇಕು. ಪಾದ ಒಂದು ದಿಕ್ಕು, ಮಂಡಿ ಒಂದು ದಿಕ್ಕು ನೋಡುತ್ತಿದ್ದರೆ ಕೆಲವೇ ವಾರದಲ್ಲಿ ಮಂಡಿಯ ಒಳಬದಿ ನೋಯಲು ಶುರುವಾಗುತ್ತದೆ.

ಹತ್ತು ವರ್ಷ ಭರತನಾಟ್ಯ ಮಾಡಿದ್ದೇನೆ, ನೇರ ಬ್ಯಾಲೆ 3ಕ್ಕೆ ಹೋಗುತ್ತೇನೆ ಅನ್ನುವವರಿದ್ದಾರೆ. ಬೇಡ. 1ರಿಂದ ಶುರು ಮಾಡಿ. ತಾಳ, ನೆನಪು ನಿಮಗೆ ಮೊದಲೇ ಇರುವುದರಿಂದ ಎ ಗ್ರೇಡ್ ಕಷ್ಟವಾಗುವುದಿಲ್ಲ.

ಗ್ರೇಡ್ ಹೋಗುವುದು ಕುಣಿತದಲ್ಲಲ್ಲ, ಹಾಜರಿಯಲ್ಲಿ ಮತ್ತು ಬರವಣಿಗೆಯಲ್ಲಿ. ಒಂದು ನೃತ್ಯ ಕಾರ್ಯಕ್ರಮ ನೋಡಿ ಒಂದೆರಡು ಪುಟ ಬರೆಯಿರಿ ಎಂಬ ಕೆಲಸ ಎಷ್ಟೋ ತರಗತಿಗಳಲ್ಲಿ ಇರುತ್ತದೆ. ಟಿಕೆಟ್ ಮೊದಲ ತಿಂಗಳಲ್ಲೇ ತೆಗೆದಿಡಿ. ಬರೆಯುವಾಗ "ತುಂಬಾ ಚೆನ್ನಾಗಿತ್ತು" ಅಂತ ಬರೆದರೆ ಅಂಕ ಬರುವುದಿಲ್ಲ. ಎಷ್ಟು ಜನ ಕುಣಿದರು, ರಂಗದ ಯಾವ ಭಾಗ ಬಳಸಿದರು, ವೇಗ ಎಲ್ಲಿ ಬದಲಾಯಿತು, ಇಂಥದ್ದನ್ನು ಬರೆಯಿರಿ.

## ಹಂತ 7: ಫಿಟ್‌ನೆಸ್ ತರಗತಿ

ಎರಡು ಥರ ಇವೆ. ಒಂದು, ಶಿಕ್ಷಕರು ಮುಂದೆ ನಿಂತು ಮಾಡಿಸುವುದು. ಇನ್ನೊಂದು, ಫಿಟ್‌ನೆಸ್ ಸೆಂಟರಿಗೆ ನೀವು ಬಿಡುವಿದ್ದಾಗ ಹೋಗಿ ಗಂಟೆ ತುಂಬಿಸುವುದು. ಎರಡನೆಯದು ಕೆಲಸಕ್ಕೆ ಹೋಗುವವರಿಗೆ ಅನುಕೂಲ, ಆದರೆ ಫೇಲಾಗುವವರೂ ಅಲ್ಲೇ ಜಾಸ್ತಿ. ಕ್ರಮ ಹೀಗಿರಲಿ:

1. ಓರಿಯೆಂಟೇಶನ್ ಮೊದಲ ವಾರವೇ ಮುಗಿಸಿ. ಅದು ಆಗುವವರೆಗೆ ಸಾಮಾನ್ಯವಾಗಿ ಗಂಟೆಗಳು ಎಣಿಕೆಯಾಗುವುದಿಲ್ಲ.
2. ಆರೋಗ್ಯದ ಪ್ರಶ್ನಾವಳಿಯನ್ನು ನಿಜ ಬರೆದು ತುಂಬಿ. ಬಿಪಿ, ಸಕ್ಕರೆ ಕಾಯಿಲೆ, ಹಳೆಯ ಬೆನ್ನುನೋವು ಮುಚ್ಚಿಡಬೇಡಿ. ಬಾಣಂತನ ಮುಗಿದು ಎಷ್ಟು ತಿಂಗಳಾಯಿತು ಅನ್ನುವುದನ್ನೂ ಹೇಳಿ.
3. ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ ಕಾರ್ಡ್ ಉಜ್ಜಿ. ಹೊರಗೆ ಬರುವಾಗ ಮರೆತರೆ ಆ ದಿನದ ಗಂಟೆಯೇ ಹೋಗಬಹುದು.
4. ಒಟ್ಟು ಗಂಟೆಯನ್ನು ವಾರಗಳಿಗೆ ಭಾಗಿಸಿ. 48 ಗಂಟೆಗೆ 16 ವಾರ, ವಾರಕ್ಕೆ ಮೂರು. ಕೊನೆಯ ಎರಡು ವಾರಕ್ಕೆ ಇಪ್ಪತ್ತು ಗಂಟೆ ಉಳಿಸಿಕೊಳ್ಳಬೇಡಿ. ದಿನಕ್ಕೆ ಇಷ್ಟೇ ಗಂಟೆ ಲೆಕ್ಕ ಎಂಬ ಮಿತಿ ಬಹಳ ಕಡೆ ಇದೆ.

ಬೆಳಗಿನ ಎಂಟರ ತರಗತಿಗೆ ಬರಿ ಕಾಫಿ ಕುಡಿದು ಬರಬೇಡಿ. ಒಂದು ಬಾಳೆಹಣ್ಣು ಸಾಕು. ಹೊಟ್ಟೆ ತುಂಬಾ ಪೊಂಗಲ್ ತಿಂದು ಬರುವುದೂ ಅಷ್ಟೇ ತಪ್ಪು.

ಎಚ್ಚರಿಕೆಯ ಚಿಹ್ನೆಗಳನ್ನು ಗುರುತಿಸಲು ಕಲಿಯಿರಿ. ಮರುದಿನ ತೊಡೆ, ತೋಳಿನ ಮಾಂಸಖಂಡ ಎರಡೂ ಕಡೆ ಒಂದೇ ಸಮ ನೋಯುವುದು ಮಾಮೂಲು, ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ, ಒಂದೇ ಬದಿಯಲ್ಲಿ, ಚುಚ್ಚುವಂಥ ನೋವು ಮಾಮೂಲಲ್ಲ. ಎದೆ ಬಿಗಿತ, ತಲೆಸುತ್ತು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು ಬಂದರೆ ಅಲ್ಲೇ ನಿಲ್ಲಿಸಿ, 911ಕ್ಕೆ ಕರೆ ಮಾಡಿಸಿ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ. ಬಹಳ ದಿನ ಬಿಟ್ಟು ಒಮ್ಮೆಲೇ ಜಾಸ್ತಿ ವ್ಯಾಯಾಮ ಮಾಡಿದ ಮೇಲೆ ಕೈಕಾಲು ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಒಡೆದು ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿರಬಹುದು. ನೀರು ಕುಡಿದು ಮಲಗುವ ವಿಷಯವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

## ಹಂತ 8: ವರ್ಕ್ ಎಕ್ಸ್‌ಪೀರಿಯೆನ್ಸ್

ಹೆಸರು ನೋಡಿ ಕಾಲೇಜು ಕೆಲಸ ಕೊಡಿಸುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಹೆಚ್ಚಿನ ಕಡೆ ಕೆಲಸವೋ ಇಂಟರ್ನ್‌ಶಿಪ್ಪೋ ನೀವೇ ಹುಡುಕಿಕೊಂಡು ಬರಬೇಕು. ಆ ಕೆಲಸದಲ್ಲಿ ನೀವು ಹೊಸದಾಗಿ ಕಲಿತದ್ದಕ್ಕೆ ಕಾಲೇಜು ಯೂನಿಟ್ ಕೊಡುತ್ತದೆ. ಆದ್ದರಿಂದ ಕ್ರಮ: ಮೊದಲು ಕೆಲಸ, ಆಮೇಲೆ ಅನುಮತಿ, ಆಮೇಲೆ ಕೋರ್ಸು, ಕೊನೆಗೆ ಗಂಟೆಗಳು.

ಅನುಮತಿ. ಎಫ್-1ನವರಿಗೆ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು, ಕೆಲಸ ನಿಮ್ಮ ಓದಿನ ವಿಷಯಕ್ಕೆ ಸೇರಿರಬೇಕು. ಡಿಎಸ್‌ಓ ಹೊಸ ಐ-20ಯಲ್ಲಿ (ಎಫ್-1ನವರಿಗೆ ಕಾಲೇಜು ಕೊಡುವ ಕಾಗದ) ಕಂಪನಿ, ದಿನಾಂಕ ಬರೆದುಕೊಟ್ಟ ಮೇಲೆ ಮಾತ್ರ ಕೆಲಸ ಶುರು. ಒಂದು ದಿನ ಮುಂಚೆ "ಟ್ರೇನಿಂಗ್ ಅಷ್ಟೇ" ಅಂತ ಹೋದರೂ ತಪ್ಪೇ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಹಂತದ ಓಪಿಟಿ (ಸಾಮಾನ್ಯವಾಗಿ ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ) ಕೈತಪ್ಪುತ್ತದೆ. 18 ತುಂಬದ ಮಕ್ಕಳಿಗೆ ವರ್ಕ್ ಪರ್ಮಿಟ್ ಬೇಕು, ಹೈಸ್ಕೂಲಿನಲ್ಲಿ ಕೇಳಿ.

ಗಂಟೆ. ಹಳೆಯ ಪುಟಗಳಲ್ಲಿ ಸಂಬಳದ ಕೆಲಸಕ್ಕೆ ಯೂನಿಟ್‌ಗೆ 75 ಗಂಟೆ, ಸಂಬಳವಿಲ್ಲದ್ದಕ್ಕೆ 60 ಗಂಟೆ ಅಂತ ಇರುತ್ತದೆ. ನಿಯಮ ಬದಲಾಗಿ, ಈಗ ಹಲವು ಸೆಮಿಸ್ಟರ್ ಕಾಲೇಜುಗಳಲ್ಲಿ ಎರಡಕ್ಕೂ 54 ಗಂಟೆ. ಈ ವರ್ಷದ ಸಿಲಬಸ್ಸಿನಲ್ಲಿರುವುದನ್ನೇ ಹಿಡಿಯಿರಿ. 54ರ ಲೆಕ್ಕದಲ್ಲಿ ಎರಡು ಯೂನಿಟ್‌ಗೆ 108 ಗಂಟೆ. 16 ವಾರ ಇದ್ದರೆ ವಾರಕ್ಕೆ ಏಳು ಗಂಟೆಯೊಳಗೆ. ನೀವು ನಾಲ್ಕು ವಾರ ತಡವಾಗಿ ಶುರು ಮಾಡಿದರೆ ಒಂಬತ್ತು ಗಂಟೆ. ಕೋರ್ಸಿಗೆ ಸೇರುವ ಮೊದಲು ಮಾಡಿದ ಗಂಟೆಗಳನ್ನು ತಂದು ಸೇರಿಸುವಂತಿಲ್ಲ. ಅನುಮಾನವಿದ್ದರೆ ಒಂದು ಯೂನಿಟ್ ಕಡಿಮೆ ಹಿಡಿಯಿರಿ.

ಗುರಿಗಳು. ಮೊದಲ ಕೆಲವು ವಾರಗಳಲ್ಲೇ ಕಲಿಕೆಯ ಗುರಿಗಳನ್ನು ಬರೆದು, ನೀವು, ಸೂಪರ್‌ವೈಸರ್, ಶಿಕ್ಷಕರು ಮೂವರೂ ಸಹಿ ಹಾಕಬೇಕು. ಇಲ್ಲಿ ವಾಪಸ್ ಬರುವ ಕಾಗದಗಳೇ ಹೆಚ್ಚು. "ಸಂವಹನ ಕೌಶಲ ಹೆಚ್ಚಿಸಿಕೊಳ್ಳುತ್ತೇನೆ" ಅಂದರೆ ಯಾರು ಹೇಗೆ ಅಳೆಯುವುದು? ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ನಾನು ಬರೆಸಿದ್ದು ಹೀಗೆ: "ಅಕ್ಟೋಬರ್ 31ರೊಳಗೆ ವಾರದ ದಾಸ್ತಾನು ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಯಾರ ಸಹಾಯವೂ ಇಲ್ಲದೆ ತಯಾರಿಸುತ್ತೇನೆ. ಮ್ಯಾನೇಜರ್ ಮೂರು ವಾರದ ಪಟ್ಟಿ ಪರಿಶೀಲಿಸಿ ತಪ್ಪು ಎಣಿಸುತ್ತಾರೆ." ಏನು, ಯಾವಾಗ, ಯಾರು ನೋಡುತ್ತಾರೆ. ಮೂರೂ ಬಂತು. ದಿನಾ ಮಾಡುವ ಕೆಲಸವನ್ನೇ ಗುರಿ ಅಂತ ಬರೆಯಬೇಡಿ, ಹೊಸದು ಇರಬೇಕು.

ಸೂಪರ್‌ವೈಸರ್. ಕೋರ್ಸಿಗೆ ಸೇರುವ ಮೊದಲೇ ಅವರಿಗೆ ಬಾಯಿಬಿಟ್ಟು ಹೇಳಿ: ಮೂರು ಕಡೆ ಸಹಿ ಬೇಕು, ಕಾಲೇಜಿನವರು ನಿಮ್ಮ ಜೊತೆ ಒಂದು ಸಲ ಮಾತಾಡುತ್ತಾರೆ, ಕೊನೆಗೆ ಮೌಲ್ಯಮಾಪನ ಬರೆಯಬೇಕು. ಕಾಲೇಜಿನಿಂದ ಇದ್ದಕ್ಕಿದ್ದಂತೆ ಇಮೇಲ್ ಬಂದರೆ ಎಷ್ಟೋ ಮ್ಯಾನೇಜರುಗಳು ಗಾಬರಿಯಾಗಿ ಎಚ್‌ಆರ್‌ಗೆ ಕಳಿಸುತ್ತಾರೆ, ಅಲ್ಲಿ ಅದು ತಿಂಗಳು ಮಲಗುತ್ತದೆ. ಗಂಡನ ಕಂಪನಿಯಲ್ಲಿ ಗಂಡನೇ ಸೂಪರ್‌ವೈಸರ್ ಆಗಬಹುದೇ ಅಂತ ಕೇಳುವವರೂ ಇದ್ದಾರೆ. ಶಿಕ್ಷಕರನ್ನು ಮೊದಲೇ ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಬೇಡ.

ಗಂಟೆಗಳನ್ನು ಪ್ರತಿ ಶುಕ್ರವಾರ ಬರೆಯಿರಿ. ಡಿಸೆಂಬರಿನಲ್ಲಿ ಕೂತು ಸೆಪ್ಟೆಂಬರಿನ ಗಂಟೆ ನೆನಪಿಸಿಕೊಂಡರೆ ಸಂಬಳದ ಚೀಟಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಕೊನೆಯ ಸಹಿಯನ್ನು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮೊದಲೇ ಕೇಳಿ. ಡಿಸೆಂಬರ್ ಬಂತೆಂದರೆ ಮ್ಯಾನೇಜರುಗಳು ರಜೆಯ ಮೇಲೆ ಹೊರಟುಬಿಡುತ್ತಾರೆ.

ಅಪಾಯದ ಸೂಚನೆಗಳು. ಇಂಟರ್ನ್‌ಶಿಪ್ಪಿಗೆ ನಿಮ್ಮಿಂದಲೇ ಹಣ ಕೇಳುವವರು. ಕೆಲಸದ ಜಾಗದ ವಿಳಾಸ ಹೇಳದವರು. "ಸಿಪಿಟಿ ನಾವೇ ಮಾಡಿಕೊಡ್ತೀವಿ" ಅನ್ನುವ ಕಂಪನಿಯವರು, ಅದು ಕಾಲೇಜಿನ ಡಿಎಸ್‌ಓ ಮಾತ್ರ ಕೊಡಬಲ್ಲದ್ದು. ಮಾಡದ ಗಂಟೆಗೆ ಸಹಿ ಹಾಕಿಕೊಡ್ತೀನಿ ಅನ್ನುವ ಪರಿಚಯಸ್ಥರು. ಇವರಲ್ಲಿ ಒಬ್ಬರು ಸಿಕ್ಕರೂ ಆ ಟರ್ಮ್ ಕೋರ್ಸು ಬಿಟ್ಟುಬಿಡಿ, ಡಬ್ಲ್ಯೂ ಬಂದರೂ ಚಿಂತೆಯಿಲ್ಲ. ಎಫ್-1ನವರು ಮಾತ್ರ ಬಿಡುವ ಮೊದಲು ಡಿಎಸ್‌ಓಗೆ ಹೇಳಿ.

## ಹಂತ 9: ಗ್ರೇಡ್ ಬಂದ ಮೇಲೆ

ಗ್ರೇಡ್ ಬಂದ ವಾರ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಂಡು ನೋಡಿ. ಯೂನಿಟ್ ಸಂಖ್ಯೆ ಸರಿಯಿದೆಯೇ, ಫಿಟ್‌ನೆಸ್ ಸೆಂಟರಿನ ಗಂಟೆ ತಪ್ಪಾಗಿ ಎಫ್ ಬಂದಿಲ್ಲವೇ? ತಪ್ಪಿದ್ದರೆ ಮೊದಲು ಶಿಕ್ಷಕರಿಗೆ ಇಮೇಲ್, ಜೊತೆಗೆ ನಿಮ್ಮ ಗಂಟೆಗಳ ಪಟ್ಟಿಯ ಫೋಟೋ. ಹಾಗಾಗಿ ಆ ಪಟ್ಟಿಯನ್ನು ಟರ್ಮ್ ಮುಗಿದ ದಿನವೇ ಎಸೆಯಬೇಡಿ.

ಸಿಲಬಸ್ಸಿನ ಪಿಡಿಎಫ್ ಕೂಡ ಉಳಿಸಿಕೊಳ್ಳಿ. ಕಾಲೇಜಿನ ಆನ್‌ಲೈನ್ ತರಗತಿ ಪುಟ ಟರ್ಮ್ ಮುಗಿದ ಮೇಲೆ ಮುಚ್ಚಿಹೋಗಬಹುದು. ಎರಡು ವರ್ಷದ ಮೇಲೆ ಇನ್ನೊಂದು ಕಾಲೇಜು "ಆ ಕೋರ್ಸಿನಲ್ಲಿ ಏನು ಕಲಿಸಿದರು" ಅಂತ ಕೇಳಿದಾಗ ತೋರಿಸಲು ಅದೊಂದೇ ಇರುತ್ತದೆ. ಯೋಗ, ಬ್ಯಾಲೆ ಮಾಡಿದವರು ಆ ಫೈಲಿನ ಹೆಸರಿನಲ್ಲೇ "4ರಲ್ಲಿ 1", "4ರಲ್ಲಿ 2" ಅಂತ ಬರೆದಿಟ್ಟುಕೊಳ್ಳಿ.